ಗೇಮಿಂಗ್ ಲ್ಯಾಪ್‌ಟಾಪ್‌ಗಳ ಮೌಲ್ಯಮಾಪನ

ಗೇಮಿಂಗ್ ಲ್ಯಾಪ್‌ಟಾಪ್ ಎಂಬುದು ಭಾರಿ ಗ್ರಾಫಿಕ್ಸ್ ಬೇಡುವ ಆಟಗಳಿಗಾಗಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್, ವೇಗದ ಪರದೆ ಮತ್ತು ಬಲವಾದ ಫ್ಯಾನುಗಳನ್ನು ಅಳವಡಿಸಿದ, ಹೊತ್ತೊಯ್ಯಬಹುದಾದ ಕಂಪ್ಯೂಟರ್. ಮೇಲ್ದರ್ಜೆಯ ಮಾದರಿಗಳಿಗೆ ಭಾರತದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲ್ಪಟ್ಟು ತೆರಬೇಕಾಗುತ್ತದೆ. ತುತ್ತತುದಿಯವು ನಾಲ್ಕು ಲಕ್ಷವನ್ನೂ ದಾಟುತ್ತವೆ. ಮಾರಾಟದ ವಿವರಪಟ್ಟಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಮೆಮೊರಿ, ಪರದೆ ಎಲ್ಲದರ ಹೆಸರೂ ಅಂಕಿಯೂ ಇರುತ್ತವೆ. ಆದರೆ ಆ ಪಟ್ಟಿಯಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲದ ಎರಡು ಯಂತ್ರಗಳು ಅರ್ಧ ಗಂಟೆ ಆಟ ನಡೆದ ಮೇಲೆ ಬೇರೆ ಬೇರೆ ವೇಗದಲ್ಲಿ ಓಡುತ್ತಿರುವುದು ಸಾಮಾನ್ಯ. ಯಂತ್ರ ಎಷ್ಟು ವಿದ್ಯುತ್ತನ್ನು ಎಷ್ಟು ಹೊತ್ತು ಬಿಡದೆ ಬಳಸಬಲ್ಲದು, ಅದರಿಂದ ಹುಟ್ಟುವ ಶಾಖವನ್ನು ಎಷ್ಟು ಸದ್ದು ಮಾಡಿ ಹೊರಹಾಕುತ್ತದೆ ಎಂಬುದನ್ನು ಅಳೆಯುವುದೇ ಮೌಲ್ಯಮಾಪನದ ತಿರುಳು.

ಹಿನ್ನೆಲೆ

ಈ ವರ್ಗವನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಮಯಾಮಿಯಲ್ಲಿ 1996ರಲ್ಲಿ ಆರಂಭವಾದ ಏಲಿಯನ್‌ವೇರ್ ಮೊದಲಿಗರ ಸಾಲಿನಲ್ಲಿದೆ. 2006ರಲ್ಲಿ ಡೆಲ್ ಕಂಪನಿ ಅದನ್ನು ಕೊಂಡುಕೊಂಡಿತು. ಅದೇ ವರ್ಷ ತೈವಾನಿನ ಏಸುಸ್ ತನ್ನ ಆರ್‌ಒಜಿ ಶ್ರೇಣಿಯನ್ನು ಹುಟ್ಟುಹಾಕಿತು. ಮುಂದಿನ ಹತ್ತು ವರ್ಷ ಇವುಗಳ ಪೈಪೋಟಿ ನಡೆದದ್ದು ಗಾತ್ರದಲ್ಲಿ. 2015ರಲ್ಲಿ ಏಸುಸ್ ಹಿಂಬದಿಗೆ ನೀರಿನಿಂದ ತಂಪುಮಾಡುವ ಪೆಟ್ಟಿಗೆಯೊಂದನ್ನು ಜೋಡಿಸಬಹುದಾದ ಜಿಎಕ್ಸ್700 ಮಾದರಿಯನ್ನು ತೋರಿಸಿತು. 2017ರಲ್ಲಿ ಬಂದ ಏಸರ್ ಪ್ರಿಡೇಟರ್ 21 ಎಕ್ಸ್ ಯಂತ್ರದಲ್ಲಿ 21 ಇಂಚಿನ ಬಾಗಿದ ಪರದೆ, ಎರಡು ಗ್ರಾಫಿಕ್ಸ್ ಚಿಪ್, ಐದು ಫ್ಯಾನುಗಳಿದ್ದವು. ತೂಕ ಎಂಟು ಕಿಲೋಗೂ ಹೆಚ್ಚು, ಬೆಲೆ 8,999 ಡಾಲರ್. ತೊಡೆಯ ಮೇಲಿಡುವ ಮಾತು ಹಾಗಿರಲಿ, ಅದನ್ನು ಮೇಜಿಗೆ ಸಾಗಿಸುವುದೇ ಒಂದು ಕೆಲಸವಾಗಿತ್ತು.

ಅದೇ ವರ್ಷ ಗ್ರಾಫಿಕ್ಸ್ ಚಿಪ್ ತಯಾರಕ ಎನ್‌ವಿಡಿಯ ಮ್ಯಾಕ್ಸ್-ಕ್ಯೂ ಎಂಬ ವಿನ್ಯಾಸ ಕ್ರಮವನ್ನು ಪ್ರಕಟಿಸಿ ಗಾಳಿಯ ದಿಕ್ಕನ್ನು ಬದಲಿಸಿತು. ಚಿಪ್ಪಿಗೆ ಕೊಡುವ ವಿದ್ಯುತ್ತನ್ನು ತಗ್ಗಿಸಿದರೆ ವೇಗ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಬದಲಿಗೆ ಶಾಖ ಬಹಳಷ್ಟು ಇಳಿಯುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಏಸುಸ್ ಝೆಫಿರಸ್ ಜಿಎಕ್ಸ್501 ಸುಮಾರು 18 ಮಿಲಿಮೀಟರ್ ದಪ್ಪದಲ್ಲಿ ಆ ಕಾಲದ ಶ್ರೇಷ್ಠ ಚಿಪ್ಪಾದ ಜಿಟಿಎಕ್ಸ್ 1080ಅನ್ನು ಹಿಡಿಸಿ ತೋರಿಸಿತು. ಇಂದಿನ ತೆಳು ಯಂತ್ರಗಳೆಲ್ಲ ಈ ದಾರಿಯವೇ. ಕೊಳ್ಳುವವರ ಗೊಂದಲ ಶುರುವಾದದ್ದೂ ಇಲ್ಲಿಂದಲೇ.

ಹೆಸರು ಮತ್ತು ವ್ಯಾಟ್

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿಗೂ ಡೆಸ್ಕ್‌ಟಾಪಿನ ಕಾರ್ಡಿಗೂ ಹೆಸರು ಒಂದೇ ಇರುತ್ತದೆ, ಹೂರಣ ಬೇರೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್‌ಗಳು, 24 ಜಿಬಿ ಮೆಮೊರಿ, 450 ವ್ಯಾಟ್ ಬಳಕೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 9,728 ಕೋರ್‌ಗಳು, 16 ಜಿಬಿ ಮೆಮೊರಿ, ವಿದ್ಯುತ್ ಮಿತಿ 80ರಿಂದ 150 ವ್ಯಾಟ್. ಅಂದರೆ ಒಳಗಿರುವುದು ಡೆಸ್ಕ್‌ಟಾಪಿನ 4080ರ ಸಿಲಿಕಾನ್, ಅದೂ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ. ಮುಂದಿನ ಪೀಳಿಗೆಯಲ್ಲಿ ಅಂತರ ಇನ್ನೂ ಹಿಗ್ಗಿದೆ: ಡೆಸ್ಕ್‌ಟಾಪಿನ 5090ಕ್ಕೆ 21,760 ಕೋರ್ ಮತ್ತು 575 ವ್ಯಾಟ್, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 10,496 ಕೋರ್ ಮತ್ತು 150 ವ್ಯಾಟ್. ಇದನ್ನು ಮೋಸವೆನ್ನಲಾಗದು, ಏಕೆಂದರೆ ಅಂಕಿಗಳನ್ನು ಯಾರೂ ಬಚ್ಚಿಟ್ಟಿಲ್ಲ. ಆದರೆ ಹೆಸರು ನೋಡಿ ದುಡ್ಡು ಕೊಡುವವರೇ ಹೆಚ್ಚು ಎಂಬುದು ಮಾರುವವರಿಗೂ ಗೊತ್ತಿರುವ ಸಂಗತಿ.

ಲ್ಯಾಪ್‌ಟಾಪ್ ಲ್ಯಾಪ್‌ಟಾಪಿನ ನಡುವಿನ ಅಂತರ ಇನ್ನೂ ಸೂಕ್ಷ್ಮ. ಒಂದೇ ಚಿಪ್ಪನ್ನು 80 ವ್ಯಾಟಿಗೆ ಕಟ್ಟಿಹಾಕಿದ ತೆಳು ಯಂತ್ರವೂ 150ಕ್ಕೆ ಬಿಟ್ಟ ದಪ್ಪ ಯಂತ್ರವೂ ಒಂದೇ ಲೇಬಲ್ ಹೊತ್ತು ಅಂಗಡಿಗೆ ಬರುತ್ತವೆ. ಕೆಳಗಿನ ಶ್ರೇಣಿಯ ಚಿಪ್ ಪೂರ್ತಿ ವಿದ್ಯುತ್ತಿನಲ್ಲಿ ಓಡುವಾಗ, ಕಟ್ಟಿಹಾಕಿದ ಮೇಲಿನ ಶ್ರೇಣಿಯ ಚಿಪ್ಪಿಗೆ ಸರಿಗಟ್ಟುವುದುಂಟು. 2021ರಲ್ಲಿ ಎನ್‌ವಿಡಿಯ ಮ್ಯಾಕ್ಸ್-ಕ್ಯೂ ಎಂಬ ಗುರುತನ್ನು ಚಿಪ್ಪಿನ ಹೆಸರಿನಿಂದ ತೆಗೆದುಹಾಕಿದಾಗ ಈ ಗೊಂದಲ ತುದಿಗೇರಿತು. ಟೀಕೆಗಳ ನಂತರ, ಪ್ರತಿ ಮಾದರಿಯ ವ್ಯಾಟ್ ಮಿತಿಯನ್ನು ಲ್ಯಾಪ್‌ಟಾಪ್ ತಯಾರಕರು ಪ್ರಕಟಿಸಬೇಕೆಂದು ಅದು ಸೂಚಿಸಿತು. ಟಿಜಿಪಿ ಎಂದು ವಿವರಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಕಾಣುವ ಅಂಕಿ ಅದೇ. ‘175 ವ್ಯಾಟ್’ ಎಂದು ಜಾಹೀರಾತಿನಲ್ಲಿದ್ದರೆ ಅದನ್ನು 150 ಮತ್ತು 25 ಎಂದು ಒಡೆದು ಓದಬೇಕು. ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನಿಂದ ಗ್ರಾಫಿಕ್ಸ್ ಚಿಪ್ಪಿಗೆ ತಾತ್ಕಾಲಿಕವಾಗಿ ಸಿಗುವ ಸಾಲವೇ ಆ 25. ಸಾವಿರಾರು ಪಾತ್ರಗಳ ಲೆಕ್ಕ ಇಡುವ ತಂತ್ರಗಾರಿಕೆಯ ಆಟಗಳಲ್ಲಿ ಪ್ರೊಸೆಸರ್ ದುಡಿಮೆಗೆ ಇಳಿದೊಡನೆ ಸಾಲ ವಾಪಸಾಗುತ್ತದೆ.

ವ್ಯಾಟ್ ಏರಿದಷ್ಟೂ ವೇಗ ಏರುತ್ತದೆಂದೂ ತಿಳಿಯಬಾರದು. 80ರಿಂದ 110 ವ್ಯಾಟಿಗೆ ಏರಿಸಿದಾಗ ಆಗುವ ಲಾಭ 120ರಿಂದ 150ಕ್ಕೆ ಏರಿಸಿದಾಗ ಆಗುವುದಿಲ್ಲ. ಶಾಖ ಮತ್ತು ಸದ್ದು ಮಾತ್ರ ಪೂರ್ತಿ ಏರುತ್ತವೆ. ಗ್ರಾಫಿಕ್ಸ್ ಮೆಮೊರಿ ಇದಕ್ಕಿಂತ ನಿಷ್ಠುರ. 8 ಜಿಬಿ ಸಾಲದೆ ಬಂದಾಗ ಆಟದ ಚಿತ್ರಮಾಹಿತಿ ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ಉಕ್ಕಿ ಹರಿದು, ದೃಶ್ಯ ತಡವರಿಸತೊಡಗುತ್ತದೆ. ಎಷ್ಟು ವ್ಯಾಟ್ ಕೊಟ್ಟರೂ ಅದು ಸರಿಹೋಗದು, ಮುಂದೆ ಬದಲಿಸಲೂ ಬಾರದು. ಮೇಲ್ದರ್ಜೆಯದೆಂದು ಬೆಲೆ ಕೇಳುವ ಯಂತ್ರದಲ್ಲಿ 12 ಜಿಬಿಗಿಂತ ಕಡಿಮೆಯಿದ್ದರೆ ಅದು ಕೊರತೆಯೇ.

ಪ್ರೊಸೆಸರುಗಳದೂ ಇದೇ ಕಥೆ. ಇಂಟೆಲ್ ಕೋರ್ ಐ9-14900ಎಚ್‌ಎಕ್ಸ್‌ನ ಮೂಲ ಬಳಕೆ 55 ವ್ಯಾಟ್, ಗರಿಷ್ಠ 157 ವ್ಯಾಟ್. ಈ ಎರಡರ ನಡುವೆ ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಕರ ಫ್ಯಾನು ಮತ್ತು ತಾಮ್ರ. ಆಟಕ್ಕೆ ಕೋರ್‌ಗಳ ಸಂಖ್ಯೆಗಿಂತ ಚಿಪ್ಪಿನೊಳಗಿನ ಕ್ಯಾಶ್ ಮೆಮೊರಿ ಹೆಚ್ಚು ಲಾಭ ತರುವುದುಂಟು. ಎಎಂಡಿಯ ಎಕ್ಸ್3ಡಿ ಪ್ರೊಸೆಸರುಗಳು ಇದೇ ನಂಬಿಕೆಯ ಮೇಲೆ ನಿಂತಿವೆ.

ವೇಗದ ಅಳತೆ

ವೇಗವನ್ನು ಅಳೆಯಲು ಎರಡು ಬಗೆಯ ಸಾಧನಗಳಿವೆ. ಒಂದು, ಕೃತಕ ಪರೀಕ್ಷೆಗಳು: ಫಿನ್‌ಲ್ಯಾಂಡಿನ ಕಂಪನಿಯೊಂದು ಆರಂಭಿಸಿ ಈಗ ಯುಎಲ್ ಸಂಸ್ಥೆಯ ಬಳಿಯಿರುವ 3ಡಿಮಾರ್ಕ್, ಪ್ರೊಸೆಸರಿಗೆ ಮ್ಯಾಕ್ಸನ್ ಸಂಸ್ಥೆಯ ಸಿನೆಬೆಂಚ್. ಇವು ಎಲ್ಲೆಡೆ ಒಂದೇ ರೀತಿ ನಡೆಯುವುದರಿಂದ ಯಂತ್ರಗಳನ್ನು ತಾಳೆ ನೋಡಲು ಅನುಕೂಲ. ಇನ್ನೊಂದು, ಆಟಗಳೊಳಗೇ ಇರುವ ಪರೀಕ್ಷಾ ದೃಶ್ಯಗಳು. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಮುಂತಾದವುಗಳಲ್ಲಿ ಇವು ಸಿಗುತ್ತವೆ. ಹೆಚ್ಚಿನ ವಿಮರ್ಶಕರು ಎರಡನ್ನೂ ಬಳಸುತ್ತಾರೆ.

ಫಲಿತಾಂಶವನ್ನು ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಎಂದು ಹೇಳುವುದು ರೂಢಿ. ಈ ಸರಾಸರಿ ಮುಚ್ಚಿಡುವುದೇ ಹೆಚ್ಚು. ಒಂದು ಯಂತ್ರ ಸೆಕೆಂಡಿನಲ್ಲಿ 60 ಫ್ರೇಮುಗಳನ್ನು ತಲಾ 16.7 ಮಿಲಿಸೆಕೆಂಡಿನಂತೆ ಬಿಡಿಸಿತೆನ್ನಿ. ಮತ್ತೊಂದು ಯಂತ್ರ 59 ಫ್ರೇಮುಗಳನ್ನು 800 ಮಿಲಿಸೆಕೆಂಡಿನಲ್ಲಿ ಮುಗಿಸಿ, ಕೊನೆಯದೊಂದಕ್ಕೆ 200 ಮಿಲಿಸೆಕೆಂಡ್ ತೆಗೆದುಕೊಂಡಿತೆನ್ನಿ. ಸರಾಸರಿ ಎರಡಕ್ಕೂ 60. ಮೊದಲನೆಯದರಲ್ಲಿ ಆಟ ನೀರು ಹರಿದಂತೆ ಸಾಗುತ್ತದೆ. ಎರಡನೆಯದರಲ್ಲಿ ಎದುರಾಳಿ ಗುಂಡು ಹಾರಿಸುವ ಗಳಿಗೆಗೆ ಸರಿಯಾಗಿ ಪರದೆ ಕಚ್ಚಿಕೊಂಡು ನಿಲ್ಲುತ್ತದೆ. ಸ್ಕಾಟ್ ವಾಸನ್ 2011ರಲ್ಲಿ ಟೆಕ್ ರಿಪೋರ್ಟ್ ಪತ್ರಿಕೆಯಲ್ಲಿ ಪ್ರತಿ ಫ್ರೇಮಿನ ಕಾಲವನ್ನು ಬಿಡಿಬಿಡಿಯಾಗಿ ಅಳೆಯಬೇಕೆಂದು ವಾದಿಸಿ ಬರೆದ ಮೇಲೆ ವಿಮರ್ಶೆಯ ಕ್ರಮವೇ ಬದಲಾಯಿತು. ಇಂದು ಸರಾಸರಿಯ ಪಕ್ಕದಲ್ಲಿ ‘1 ಪರ್ಸೆಂಟ್ ಲೋ’, ಅಂದರೆ ಅತಿ ನಿಧಾನವಾದ ಶೇ. 1ರಷ್ಟು ಫ್ರೇಮುಗಳ ವೇಗ, ಇರಲೇಬೇಕು. ಇಂಟೆಲ್‌ನ ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್ ಇವನ್ನು ದಾಖಲಿಸುವ ಉಚಿತ ತಂತ್ರಾಂಶಗಳು. ಈ ಎರಡು ಅಂಕಿಗಳ ನಡುವೆ ಅಂತರ ಹೆಚ್ಚಿದ್ದರೆ ಒಂಟಿ ಮೆಮೊರಿ ಕಡ್ಡಿ, ಬಿಸಿಗೆ ಸೋತ ಪ್ರೊಸೆಸರ್, ತುಂಬಿಹೋದ ಗ್ರಾಫಿಕ್ಸ್ ಮೆಮೊರಿ ಇವುಗಳಲ್ಲೊಂದನ್ನು ಶಂಕಿಸಬೇಕು.

ಈಚೆಗೆ ಸೇರಿಕೊಂಡ ತೊಡಕು ಫ್ರೇಮ್ ಜನರೇಷನ್. ಎನ್‌ವಿಡಿಯದ ಡಿಎಲ್‌ಎಸ್‌ಎಸ್ ತಂತ್ರಜ್ಞಾನ 2022ರ ಮೂರನೆಯ ಆವೃತ್ತಿಯಲ್ಲಿ ಎರಡು ನೈಜ ಫ್ರೇಮುಗಳ ನಡುವೆ ಒಂದು ಕೃತಕ ಫ್ರೇಮನ್ನು ತೂರಿಸತೊಡಗಿತು. 2025ರ ನಾಲ್ಕನೆಯ ಆವೃತ್ತಿ ಮೂರರವರೆಗೆ ತೂರಿಸುತ್ತದೆ. ಆ ವರ್ಷದ ಜನವರಿಯಲ್ಲಿ ಕಂಪನಿ 549 ಡಾಲರಿನ 5070 ಕಾರ್ಡಿಗೆ 4090ರ ಸಾಮರ್ಥ್ಯವಿದೆ ಎಂದು ಸಾರಿದ್ದು ಈ ಕೃತಕ ಫ್ರೇಮುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡು. ಚಲನೆ ಕಣ್ಣಿಗೆ ನುಣುಪಾಗಿ ಕಾಣುವುದು ನಿಜ. ಆದರೆ ಆಟಗಾರನ ಕೈಯ ಅಪ್ಪಣೆ ತಲುಪುವುದು ನೈಜ ಫ್ರೇಮಿಗೆ ಮಾತ್ರ, ಹಾಗಾಗಿ ಸೆಕೆಂಡಿಗೆ 30 ನೈಜ ಫ್ರೇಮಿನಿಂದ ಹಿಗ್ಗಿಸಿದ 120 ಕೈಗೆ 120ರಂತೆ ಅನ್ನಿಸದು. ಒಳ್ಳೆಯ ವರದಿ ಈ ಸೌಲಭ್ಯವನ್ನು ಆರಿಸಿದ ಅಂಕಿಯನ್ನೂ ಹಚ್ಚಿದ ಅಂಕಿಯನ್ನೂ ಬೇರೆ ಬೇರೆಯಾಗಿ ಕೊಡುತ್ತದೆ.

ಶಾಖ

ಮೇಲ್ದರ್ಜೆಯ ಯಂತ್ರದ ನಿಜಬಣ್ಣ ಹೊರಬೀಳುವುದು ಬಿಸಿಯಾದ ಮೇಲೆ. ಪರೀಕ್ಷೆ ಆರಂಭಿಸಿದ ಮೊದಲ ಕೆಲವು ಸೆಕೆಂಡು ತಾಮ್ರದ ನಳಿಗೆಗಳೂ ತಂಪುಫಲಕಗಳೂ ತಣ್ಣಗಿರುತ್ತವೆ. ಪ್ರೊಸೆಸರ್ ತನ್ನ ಗರಿಷ್ಠ ವ್ಯಾಟ್ ಮುಟ್ಟಿ ಕಣ್ಣು ಕುಕ್ಕುವ ಅಂಕ ಗಳಿಸುತ್ತದೆ. ಎಚ್‌ಡಬ್ಲ್ಯುಇನ್ಫೊದಂಥ ತಂತ್ರಾಂಶದ ದಾಖಲೆಯನ್ನು ಬಿಡಿಸಿ ನೋಡಿದರೆ ಮುಂದಿನದು ಕಾಣುತ್ತದೆ. ಉಷ್ಣತೆಯ ಗೆರೆ 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಚಪ್ಪಟೆಯಾಗುತ್ತದೆ, ಅಲ್ಲಿಂದ ವ್ಯಾಟ್ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅದರ ಬೆನ್ನಿಗೆ ಗಡಿಯಾರದ ವೇಗವೂ ಇಳಿಯುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಚಿಪ್ ಸುಟ್ಟುಹೋಗದಂತೆ ತನ್ನನ್ನು ತಾನೇ ಕಾಯ್ದುಕೊಳ್ಳುವ ಉಪಾಯವಾದ್ದರಿಂದ ಇದು ದೋಷವಲ್ಲ; ಎಷ್ಟು ಬೇಗ ಶುರುವಾಗುತ್ತದೆ, ಎಷ್ಟು ಕೆಳಗೆ ಹೋಗಿ ನಿಲ್ಲುತ್ತದೆ ಎಂಬುದು ಮುಖ್ಯ. ಅದಕ್ಕೆಂದೇ ಸಿನೆಬೆಂಚ್ ಆರ್23 ಹತ್ತು ನಿಮಿಷ ಸತತ ಓಡುವಂತೆ ಬಂತು. 3ಡಿಮಾರ್ಕಿನ ಒತ್ತಡ ಪರೀಕ್ಷೆ ಒಂದೇ ದೃಶ್ಯವನ್ನು 20 ಸಲ ಓಡಿಸಿ, ಕೆಟ್ಟ ಸುತ್ತಿನ ವೇಗ ಒಳ್ಳೆಯ ಸುತ್ತಿನ ಶೇ. 97ಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ತೇರ್ಗಡೆ ಮಾಡುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಟ್ಟಿಗೆ ದುಡಿಸುವ ಪರೀಕ್ಷೆ ಎಲ್ಲಕ್ಕಿಂತ ಕಠಿಣ, ಏಕೆಂದರೆ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಎರಡರ ಶಾಖವೂ ಹೋಗುವುದು ಅವೇ ನಳಿಗೆಗಳ ಮೂಲಕ.

ಕೋಣೆಯ ಉಷ್ಣತೆ ಬರೆಯದ ಯಾವ ವರದಿಯನ್ನೂ ನಂಬುವಂತಿಲ್ಲ. ಒಂದೇ ವ್ಯಾಟ್, ಒಂದೇ ಫ್ಯಾನ್ ವೇಗದಲ್ಲಿ ಚಿಪ್ಪಿನ ಉಷ್ಣತೆ ಕೋಣೆಯದಕ್ಕಿಂತ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಮೇಲಿರುತ್ತದೆ. 22 ಡಿಗ್ರಿಯ ಕೋಣೆಯಲ್ಲಿ 86 ತೋರಿಸಿದ ಚಿಪ್, 36 ಡಿಗ್ರಿಯ ಕೋಣೆಯಲ್ಲಿ 100ಕ್ಕೆ ಬಂದು ಥ್ರಾಟ್ಲಿಂಗ್ ಹೊಸ್ತಿಲಲ್ಲಿ ನಿಲ್ಲುತ್ತದೆ. ಯುರೋಪು, ಅಮೆರಿಕಗಳ ವಿಮರ್ಶೆಗಳು ನಡೆಯುವುದು ಹೆಚ್ಚಾಗಿ ತಂಪು ಕೋಣೆಗಳಲ್ಲಿ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಮನೆಗೆ ಆ ಅಂಕಿಗಳನ್ನು ಹಾಗೆಯೇ ತಂದುಕೊಳ್ಳಲಾಗದು. ಅನೇಕ ತಯಾರಕರ ಕೈಪಿಡಿಗಳು ಬಳಕೆಗೆ 35 ಡಿಗ್ರಿಯನ್ನೇ ಮೇಲ್ಮಿತಿಯಾಗಿ ನಮೂದಿಸಿರುತ್ತವೆ. ಬೆಂಗಳೂರು, ಮಡಿಕೇರಿಗಳ ಬಳಕೆದಾರರಿಗೆ ಈ ಚಿಂತೆ ಕಡಿಮೆ.

ಶಾಖವನ್ನು ಸಾಗಿಸಲು ತಾಮ್ರದ ನಳಿಗೆ, ದುಬಾರಿ ಯಂತ್ರಗಳಲ್ಲಿ ಅಗಲವಾದ ವೇಪರ್ ಚೇಂಬರ್ ಇರುತ್ತದೆ. ಚಿಪ್ಪಿಗೂ ಅದಕ್ಕೂ ನಡುವೆ ಸಾಮಾನ್ಯ ಪೇಸ್ಟಿನ ಬದಲು ಗ್ಯಾಲಿಯಂ ಬೆರೆತ ದ್ರವಲೋಹ ಹಚ್ಚುವುದೂ ಈಗ ವಾಡಿಕೆ. ಅದು ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ವಿದ್ಯುತ್ತನ್ನೂ ಒಯ್ಯುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹೀಗಾಗಿ ಇಂಥ ಯಂತ್ರವನ್ನು ಅನುಭವವಿಲ್ಲದವರು ಬಿಚ್ಚಬಾರದು.

ಹೊರಮೈಯ ಬಿಸಿಯನ್ನೂ ಅಳೆಯಬೇಕು. ಕೀಬೋರ್ಡಿನ ನಡುಭಾಗ 45 ಡಿಗ್ರಿ ಮೀರಿದರೂ, ಎಡಗೈ ಸದಾ ನೆಲೆಸುವ ಡಬ್ಲ್ಯು, ಎ, ಎಸ್, ಡಿ ಕೀಲಿಗಳ ಸುತ್ತ ತಂಪಾಗಿದ್ದರೆ ವಿನ್ಯಾಸಕಾರರು ಯೋಚಿಸಿದ್ದಾರೆಂದು ಅರ್ಥ. ಬಲಬದಿಯ ಕಿಂಡಿಯಿಂದ ಬರುವ ಬಿಸಿಗಾಳಿ ನೇರ ಮೌಸ್ ಹಿಡಿದ ಕೈಗೆ ಬಡಿಯುವ ಯಂತ್ರಗಳೂ ಇವೆ. ಇದು ವಿವರಪಟ್ಟಿಯಲ್ಲಿ ಇರುವುದಿಲ್ಲ, ಚಿತ್ರ ನೋಡಿ ತಿಳಿಯಬೇಕು. ತೊಡೆಯ ಮೇಲಿಟ್ಟು ಆಡುವುದಂತೂ ಸಲ್ಲದು. ತಿಂಗಳುಗಟ್ಟಲೆ ದಿನವೂ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಡಿದ 12 ವರ್ಷದ ಹುಡುಗನ ಎಡತೊಡೆಯಲ್ಲಿ ಬಲೆಯಾಕಾರದ ಕಂದುಕಲೆ ಮೂಡಿದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಹಾಸಿಗೆಯ ಮೇಲೂ ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಹಿಂಬದಿಯನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸಿದರೆ ಕೆಲವು ಡಿಗ್ರಿ ಇಳಿಯುವುದು ಸುಲಭದ ಲಾಭ.

ಸದ್ದು

ಶಾಖದ ಬೆಲೆಯನ್ನು ಕಿವಿ ತೆರುತ್ತದೆ. ಸದ್ದನ್ನು ಆಟಗಾರನ ತಲೆಯಿರುವ ದೂರದಲ್ಲಿ ಮಾಪಕವಿಟ್ಟು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಗರಿಷ್ಠ ವೇಗದ ಟರ್ಬೊ ಸ್ಥಿತಿಯಲ್ಲಿ 50 ಡೆಸಿಬೆಲ್ ದಾಟುವ ಯಂತ್ರಗಳು ಸಾಕಷ್ಟಿವೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯೆನಿಸುತ್ತದೆ. ಹಾಗಾಗಿ ಟರ್ಬೊದಲ್ಲಿ ಬಂದ ಫ್ರೇಮಿನ ಅಂಕಿಯನ್ನೂ ‘ಸೈಲೆಂಟ್’ ಸ್ಥಿತಿಯಲ್ಲಿ ಬಂದ ಸದ್ದಿನ ಅಂಕಿಯನ್ನೂ ಒಟ್ಟಿಗೆ ಹೊಗಳುವ ವಿಮರ್ಶೆ ಓದುಗರನ್ನು ದಾರಿ ತಪ್ಪಿಸುತ್ತದೆ: ಅವೆರಡೂ ಒಂದೇ ಗಳಿಗೆಯಲ್ಲಿ ಸಿಗುವಂಥವಲ್ಲ. ಹದವಾದ ಸದ್ದಿಗೆ ಎಷ್ಟು ವೇಗ ದೊರೆಯುತ್ತದೆ ಎಂಬುದೇ ನ್ಯಾಯವಾದ ಹೋಲಿಕೆ. ಸೀಲಿಂಗ್ ಫ್ಯಾನ್ ಸದಾ ತಿರುಗುವ ನಮ್ಮ ಕೋಣೆಗಳಲ್ಲಿ ತೀರಾ ಮೆಲುಸದ್ದಿನ ಅಂಕಿಗಳಿಗೆ ಅಂಥ ಅರ್ಥವಿಲ್ಲ. ಆದರೆ ಚಿಕ್ಕ ಫ್ಯಾನುಗಳ ಕೀರಲು ಸ್ವರ, ವಿದ್ಯುತ್ ಸುರುಳಿಗಳು ಹೊರಡಿಸುವ ಕಿರ್ರೆನ್ನುವ ದನಿ ಆ ಗಾಳಿಯ ಸದ್ದನ್ನೂ ಮೀರಿ ಕೇಳಿಸುತ್ತವೆ.

ಪರದೆ

ಮೇಲ್ದರ್ಜೆಯ ಯಂತ್ರಗಳಲ್ಲಿ ಈಗ 16 ಅಥವಾ 18 ಇಂಚಿನ, 2560×1600 ಬಿಂದುಗಳ, 240 ಹರ್ಟ್ಸ್ ಪರದೆ ಸಾಮಾನ್ಯ. 3840×2400ಕ್ಕೆ ಹೋದರೆ ಬಿಂದುಗಳ ಸಂಖ್ಯೆ ಎರಡೂಕಾಲು ಪಟ್ಟು, ಗ್ರಾಫಿಕ್ಸ್ ಚಿಪ್ಪಿನ ಹೊರೆಯೂ ಅದಕ್ಕೆ ತಕ್ಕಂತೆ. 16 ಇಂಚಿನಲ್ಲಿ ಆ ಸೂಕ್ಷ್ಮತೆಯನ್ನು ಆಟದ ಭರಾಟೆಯಲ್ಲಿ ಕಾಣಬಲ್ಲ ಕಣ್ಣುಗಳು ಕಡಿಮೆ. 240 ಹರ್ಟ್ಸ್ ಎಂದರೆ ಪ್ರತಿ ಚಿತ್ರಕ್ಕೆ 4.17 ಮಿಲಿಸೆಕೆಂಡ್. ಬಿಂದುಗಳು ಬಣ್ಣ ಬದಲಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಚಲಿಸುವ ವಸ್ತುವಿನ ಹಿಂದೆ ನೆರಳು ಎಳೆದಂತಾಗುತ್ತದೆ. ಓಎಲ್‌ಇಡಿ ಪರದೆಗಳಲ್ಲಿ ಈ ತೊಂದರೆ ಇಲ್ಲ, ಕಪ್ಪು ನಿಜವಾಗಿಯೂ ಕಪ್ಪಾಗಿರುತ್ತದೆ. ಆದರೆ ಮಂದ ಬೆಳಕಿನಲ್ಲಿ ಕೆಲವರ ಕಣ್ಣಿಗೆ ಅವುಗಳ ಮಿನುಗು ನೋವು ತರುತ್ತದೆ, ಕದಲದ ಚಿಹ್ನೆಗಳು ವರ್ಷಗಳ ಬಳಕೆಯಲ್ಲಿ ಅಚ್ಚೊತ್ತುವ ಭಯವೂ ಇದೆ. ಮಿನಿ-ಎಲ್‌ಇಡಿ ಹೆಚ್ಚು ಬೆಳಕು ಕೊಡುತ್ತದೆ, ಕಪ್ಪಿನ ಮೇಲಿನ ಬಿಳಿ ಅಕ್ಷರದ ಸುತ್ತ ಮಸುಕು ಪ್ರಭೆ ಬಿಡುತ್ತದೆ.

ಇದರ ಜೊತೆಗೆ ನೋಡಬೇಕಾದ್ದು ಮಕ್ಸ್ ಸ್ವಿಚ್. 2010ರಲ್ಲಿ ಬಂದ ಆಪ್ಟಿಮಸ್ ವ್ಯವಸ್ಥೆ ಬ್ಯಾಟರಿ ಉಳಿಸಲೆಂದು ಗ್ರಾಫಿಕ್ಸ್ ಚಿಪ್ಪಿನ ಚಿತ್ರವನ್ನು ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸ್ ಮೂಲಕ ಹಾಯಿಸಿ ಪರದೆಗೆ ತಲುಪಿಸುತ್ತದೆ. ಸೆಕೆಂಡಿಗೆ ನೂರಾರು ಫ್ರೇಮು ಓಡುವ ಆಟಗಳಲ್ಲಿ ಈ ಬಳಸುದಾರಿ ವೇಗವನ್ನು ಕಣ್ಣಿಗೆ ಕಾಣುವಷ್ಟು ತಿನ್ನುತ್ತದೆ. ಮಕ್ಸ್ ಇದ್ದರೆ ನೇರದಾರಿ ತೆರೆಯುತ್ತದೆ. ದುಬಾರಿ ಯಂತ್ರದಲ್ಲಿ ಅದು ಇಲ್ಲದಿದ್ದರೆ ಬಿಟ್ಟುಬಿಡುವುದೇ ಲೇಸು.

ವಿದ್ಯುತ್ತು ಮತ್ತು ಬ್ಯಾಟರಿ

ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅದಕ್ಕೇ ದೊಡ್ಡ ಯಂತ್ರಗಳ ಬ್ಯಾಟರಿ 99 ಅಥವಾ 99.9ರಲ್ಲಿ ನಿಂತಿದೆ. 250 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಪೂರ್ಣ ವೇಗದಲ್ಲಿ 24 ನಿಮಿಷಕ್ಕೆ ಸಾಕು. ಆದ್ದರಿಂದ ಪ್ಲಗ್ ಕಿತ್ತೊಡನೆ ಯಂತ್ರವೇ ಚಿಪ್ಪುಗಳ ವಿದ್ಯುತ್ತನ್ನು ಬಿಗಿಗೊಳಿಸುತ್ತದೆ, ಫ್ರೇಮುಗಳು ಕುಸಿಯುತ್ತವೆ. ಬ್ಯಾಟರಿಯ ಮೇಲೆ ಭಾರಿ ಆಟ ಆಡುವ ಆಸೆ ಇಟ್ಟುಕೊಂಡು ಇಂಥದನ್ನು ಕೊಳ್ಳುವುದು ವ್ಯರ್ಥ. ಅಳೆಯಬೇಕಾದ್ದು ಬರೆಯುವಾಗ, ವೀಡಿಯೊ ನೋಡುವಾಗ ಅದು ಎಷ್ಟು ಗಂಟೆ ಬಾಳುತ್ತದೆ ಎಂಬುದನ್ನು. ಯುಎಸ್‌ಬಿ-ಸಿ ಚಾರ್ಜರಿನಿಂದ ಆ ಹಗುರ ಕೆಲಸ ನಡೆಯುವುದಾದರೆ ಸುಮಾರು ಒಂದು ಕಿಲೋ ತೂಗುವ 330 ವ್ಯಾಟಿನ ಅಡಾಪ್ಟರನ್ನು ಕಾಲೇಜಿಗೆ ಹೊರುವುದು ತಪ್ಪುತ್ತದೆ. ಅಡಾಪ್ಟರ್ ಚಿಕ್ಕದಾದ ಕೆಲವು ಮಾದರಿಗಳಲ್ಲಿ ಪ್ಲಗ್ ಹಾಕಿದ್ದರೂ ಆಟದ ನಡುವೆ ಬ್ಯಾಟರಿ ನಿಧಾನಕ್ಕೆ ಇಳಿಯುತ್ತದೆ. ಒಂದು ಗಂಟೆ ಆಡಿ ಶೇಕಡಾವಾರು ನೋಡಿದರೆ ಇದು ಬಯಲಾಗುತ್ತದೆ.

ಕೊಳ್ಳುವ ಮುನ್ನ ಮತ್ತು ನಂತರ

ವಿಮರ್ಶೆಗೆ ಹೋದ ಯಂತ್ರವೂ ಅಂಗಡಿಯ ಯಂತ್ರವೂ ಒಂದೇ ಹೆಸರಿನಲ್ಲಿದ್ದರೂ ಪರದೆ, ಮೆಮೊರಿ, ವ್ಯಾಟ್ ಮಿತಿಗಳಲ್ಲಿ ಬೇರೆಯಾಗಿರಬಹುದು. ಮಾದರಿ ಸಂಖ್ಯೆಯ ಕೊನೆಯ ಅಕ್ಷರಗಳವರೆಗೂ ತಾಳೆ ನೋಡಬೇಕು. ಭಾರತದಲ್ಲಿ ಶೇ. 18ರ ಜಿಎಸ್‌ಟಿ ಸೇರುವುದರಿಂದ, ತೆರಿಗೆ ಬಿಟ್ಟು ಹೇಳುವ ಡಾಲರ್ ಬೆಲೆಯೊಂದಿಗೆ ನೇರ ಹೋಲಿಕೆ ಸರಿಬಾರದು.

ಮೆಮೊರಿ ಮತ್ತು ಎಸ್‌ಎಸ್‌ಡಿ ಬದಲಿಸಬಹುದೇ ಎಂಬುದು ಯಂತ್ರದ ಆಯುಸ್ಸನ್ನು ನಿರ್ಧರಿಸುತ್ತದೆ. ತೆಳು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥವನ್ನು ಮೊದಲೇ 32 ಜಿಬಿಯೊಂದಿಗೆ ಕೊಳ್ಳಬೇಕು. ಎರಡು ಸ್ಲಾಟ್ ಇರುವ ದಪ್ಪ ಯಂತ್ರವಾದರೆ ಕಡಿಮೆ ಮೆಮೊರಿಯದನ್ನು ಕೊಂಡು, ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕಡ್ಡಿ ಹಾಕಿಸಿಕೊಳ್ಳುವುದು ಅಗ್ಗವಾಗುವುದುಂಟು, ವಾರಂಟಿಯ ಷರತ್ತು ಓದಿಕೊಂಡು. ಗ್ರಾಫಿಕ್ಸ್ ಚಿಪ್ ಬದಲಿಸುವ ಅವಕಾಶ ಬಹುತೇಕ ಎಲ್ಲೂ ಇಲ್ಲ. ಫ್ರೇಮ್‌ವರ್ಕ್ ಕಂಪನಿಯ 16 ಇಂಚಿನ ಮಾದರಿ ಅಪರೂಪದ ಅಪವಾದ.

ಯಂತ್ರ ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಗಡುವಿನೊಳಗೆ, ಮೇಲಿನ ಒತ್ತಡ ಪರೀಕ್ಷೆಯನ್ನು ಒಮ್ಮೆ ನಡೆಸಿ ವ್ಯಾಟ್ ಮತ್ತು ಉಷ್ಣತೆಯ ದಾಖಲೆಯನ್ನು ತೆಗೆದಿಡುವುದು ಒಳ್ಳೆಯದು. ಪೇಸ್ಟ್ ಸರಿಯಾಗಿ ಹತ್ತದ ಯಂತ್ರ ಆಗಲೇ ಸಿಕ್ಕಿಬೀಳುತ್ತದೆ. ಒಂದೆರಡು ವರ್ಷದಲ್ಲಿ ಧೂಳು ತಂಪುಫಲಕಗಳ ನಡುವೆ ಕಂಬಳಿಯಂತೆ ಕೂತು, ಪೇಸ್ಟ್ ಒಣಗಿ, ಅದೇ ಆಟಕ್ಕೆ ಫ್ಯಾನು ಜೋರಾಗಿ ಕೂಗತೊಡಗಿದಾಗ ಎಷ್ಟು ಕೆಟ್ಟಿದೆ ಎಂದು ಹೇಳಬಲ್ಲದ್ದು ಆ ಹಳೆಯ ದಾಖಲೆಯೇ. ಸದಾ ಪ್ಲಗ್ಗಿನಲ್ಲಿರುವ ಯಂತ್ರದ ಬ್ಯಾಟರಿಯನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯ ಈಗ ಹೆಚ್ಚಿನ ತಯಾರಕರ ತಂತ್ರಾಂಶದಲ್ಲಿದೆ. ಫ್ಯಾನು, ಅಡಾಪ್ಟರ್, ಬ್ಯಾಟರಿ ಈ ಮೂರು ಬಿಡಿಭಾಗಗಳು ಹತ್ತಿರದ ಸೇವಾಕೇಂದ್ರದಲ್ಲಿ ಸಿಗುತ್ತವೆಯೇ, ವಾರಂಟಿಯಲ್ಲಿ ತಂತ್ರಜ್ಞರು ಮನೆಗೇ ಬರುತ್ತಾರೆಯೇ ಎಂಬುದನ್ನು ದುಡ್ಡು ಕೊಡುವ ಮುನ್ನವೇ ವಿಚಾರಿಸಬೇಕು. ಮಹಾನಗರಗಳ ಹೊರಗಿರುವವರಿಗೆ ಇದು ಹತ್ತು ಫ್ರೇಮುಗಳ ವ್ಯತ್ಯಾಸಕ್ಕಿಂತ ದೊಡ್ಡ ಪ್ರಶ್ನೆ.